ಹುಬ್ಬುಗಂಟಿನ ಚಿತ್ರಕಾರ

“ಕರಡಿಮರಿಗೆ ಈಗ ಏನಾಗ್ತಿದೆ?”

ಮಿಸ್ ಚಿತ್ರಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದಳು.

“ಕೋಪ ಬಂದಿದೆ, ಮಿಸ್.”

“ಕೋಪ ಎಲ್ಲಿ ಕೂತಿದೆ?”

“ಹುಬ್ಬಲ್ಲಿ... ಹಲ್ಲಲ್ಲಿ... ಮುಷ್ಟೀಲಿ...”

“ಆ ಅಂಕಲ್ ಹುಬ್ಬಲ್ಲೂ ಕೂತಿದೆ,” ಎಂದಳು ಚೂಟಿ. ಅರಳು ಹುರಿದಂತೆ ಮಾತಾಡುವ ಆ ಪುಟಾಣಿಗೆ ಶಾಲೆಯವರೆಲ್ಲ ಸೇರಿ ಇಟ್ಟ ಹೆಸರು ಅದು.

ಮಿಸ್ ತಲೆಯೆತ್ತಿದಳು. ತರಗತಿಯ ಹಿಂಬದಿಯಲ್ಲಿ, ಮಕ್ಕಳ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ, ಕಾಗದ ಪೆನ್ಸಿಲ್ ಹಿಡಿದು ಕೂತಿದ್ದ ಚಿತ್ರಕಾರ ಅವಳನ್ನೇ ನೋಡುತ್ತಿದ್ದ. ಹುಬ್ಬು ಗಂಟು. ದವಡೆ ಬಿಗಿ.

ಇವನಿಗೆ ನಾನೇನು ಮಾಡಿದೆ?

ಭಾವನೆಗಳ ಬಗ್ಗೆ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ, ಮುಖಗಳನ್ನು ಹತ್ತಿರದಿಂದ ನೋಡಬೇಕು ಎಂದು ಅವನು ಕೇಳಿಕೊಂಡಿದ್ದ. ಶಾಲೆ ನಡೆಸುತ್ತಿದ್ದ ಅವಳ ಚಿಕ್ಕಮ್ಮ ಅವನು ವಾರಕ್ಕೊಮ್ಮೆ ಬರಬಹುದೆಂದು ಒಪ್ಪಿದ್ದರು.

ಪಾಠ ಮುಗಿದ ಮೇಲೆ ಅವಳೇ ಕೇಳಿದಳು. “ಏನಾದ್ರೂ ತಪ್ಪಾಯ್ತಾ?”

“ಇಲ್ಲ. ಚೆನ್ನಾಗಿತ್ತು.”

ಅಷ್ಟೇ. ಆ ಎರಡು ಮಾತನ್ನೂ ಅವನು ನೆಲಕ್ಕೆ ಹೇಳಿದ್ದ.

ವಾರಗಳು ಕಳೆದವು. ಬಿಡುವಿನಲ್ಲಿ ಅವನು ಶೂ ಲೇಸು ಕಟ್ಟಲು ಬಾರದ ಮಗುವಿನ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ತಾನು ಕಟ್ಟಿಕೊಡುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಮಗು ಗಂಟು ಹಾಕುವವರೆಗೆ ಸುಮ್ಮನೆ ಕಾಯುತ್ತಿದ್ದ. ಹಾಗೆ ಕಾಯಬಲ್ಲವರನ್ನು ಅವಳು ಹೆಚ್ಚು ಕಂಡಿರಲಿಲ್ಲ.

ಅವನು ಬರುವ ದಿನ ಬೆಳಿಗ್ಗೆ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳತೊಡಗಿದಳು.

“ಬಾಚಣಿಗೆಗೆ ಸ್ವಲ್ಪ ಉಸಿರಾಡೋಕೆ ಬಿಡೇ,” ಎಂದರು ಚಿಕ್ಕಮ್ಮ.

ಅವತ್ತು ಪಾಠದಲ್ಲಿ ಅಸಹ್ಯದ ಪುಟ. ಮೂಗು ಮುರಿದ ಕರಡಿಮರಿಯನ್ನು ತೋರಿಸುತ್ತ ಅವಳು ಹಿಂದೆ ನೋಡಿದಳು. ಚಿತ್ರಕಾರನ ದೃಷ್ಟಿ ನೇರ ಅವಳ ಮೇಲಿತ್ತು. ತುಟಿ ಸೊಟ್ಟಗಿತ್ತು, ಮೂಗಿನ ಹೊಳ್ಳೆ ಮೇಲೇರಿತ್ತು. ಕೊಳೆತದ್ದನ್ನು ಕಂಡವನ ಮುಖ.

ಎರಡು ಸಲ ಬಾಚಿದ ಕೂದಲು ಅವಳಿಗೆ ಭಾರವೆನಿಸಿತು.

ಕೋಪ ಬಂದರೆ ಮೊದಲು ಅದರ ಹೆಸರು ಹೇಳಿ, ಉಸಿರು ಬಿಡಿ, ಆಮೇಲೆ ಮಾತಾಡಿ ಎಂದು ದಿನಾ ಮಕ್ಕಳಿಗೆ ಕಲಿಸುವವಳು ಅಂದು ಯಾವುದನ್ನೂ ಮಾಡಲಿಲ್ಲ. ಬಂದದ್ದು ಕೋಪವಲ್ಲ, ನೋವು ಎಂದು ತನಗೆ ತಾನೇ ಹೇಳಿಕೊಳ್ಳಲೂ ಇಲ್ಲ.

“ಇನ್ಮೇಲೆ ಬರಬೇಡಿ. ನೀವು ಕೂತ್ರೆ ಮಕ್ಕಳಿಗೆ ತೊಂದರೆ ಆಗ್ತಿದೆ.”

ಅವನು “ಸರಿ,” ಎಂದು ಪೆನ್ಸಿಲ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

“ತೊಂದರೆ ಮಕ್ಕಳಿಗಾ, ನಿನಗಾ?” ಚಿಕ್ಕಮ್ಮ ಕೇಳಿದರು.

ಮುಂದಿನ ವಾರ ಹಿಂದಿನ ಕುರ್ಚಿ ಖಾಲಿ. ಅದನ್ನು ನೋಡದಿರಲೆಂದೇ ಅವಳು ಮಕ್ಕಳಿಗೆ ಕಾಗದ ಹಂಚಿದಳು. “ಕೋಪದ ಕರಡಿ ಬಿಡಿಸಿ.”

ಸ್ವಲ್ಪ ಹೊತ್ತಿಗೆ ಚೂಟಿ ಹುಬ್ಬು ಗಂಟಿಕ್ಕಿ ಹಲ್ಲು ಕಡಿಯುತ್ತಿದ್ದಳು.

“ಯಾಕೆ ಪುಟ್ಟಾ, ಯಾರ ಮೇಲೆ ಕೋಪ?”

“ನಂಗ್ಯಾಕೆ ಕೋಪ? ಕರಡಿಗೆ. ಬಿಡಿಸ್ತಾ ಇದೀನಲ್ಲ, ಅದಕ್ಕೆ.” ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವಳನ್ನು ನೋಡಿದಳು ಚೂಟಿ.

ಮಿಸ್ ಸುತ್ತ ನೋಡಿದಳು. ಬಗ್ಗಿ ಬಿಡಿಸುತ್ತಿದ್ದ ಮುಖಗಳೆಲ್ಲ ಗಂಟಿಕ್ಕಿದ್ದವು. ಒಂದು ಮಗುವಿಗೂ ಕೋಪವಿರಲಿಲ್ಲ.

ಅಯ್ಯೋ... ನಾನೇನು ಮಾಡಿಬಿಟ್ಟೆ...

ಶಾಲೆ ಬಿಟ್ಟ ಕೂಡಲೇ, ಸೈಕಲ್ ರಿಪೇರಿ ಅಂಗಡಿಯ ಮೇಲಿದ್ದ ಅವನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅವನು ಮೇಜಿನ ಮೇಲೆ ಬಗ್ಗಿ ಹೆದರಿದ ಮೊಲವನ್ನು ಬಿಡಿಸುತ್ತಿದ್ದ. ಅವನ ಕಣ್ಣೂ ಅಗಲವಾಗಿತ್ತು, ಭುಜ ಕಿವಿಗೆ ತಾಗಿತ್ತು.

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ.

“ನೀವು ಏನು ಬಿಡಿಸ್ತೀರೋ ನಿಮ್ಮ ಮುಖವೂ ಅದೇ ಆಗುತ್ತೆ. ಗೊತ್ತಾ ನಿಮಗೆ?”

ಅವನು ಬೆಚ್ಚಿ ಎದ್ದ. ಕೆನ್ನೆ ಮುಟ್ಟಿಕೊಂಡ. “ನನ್ನ ಮುಖಾನಾ?”

“ಅವತ್ತು ಅಸಹ್ಯದ ಮುಖ ಮಾಡ್ಕೊಂಡು ನನ್ನನ್ನೇ ನೋಡ್ತಿದ್ರಿ. ನನ್ನ ಕಂಡ್ರೇ ನಿಮಗೆ ಹಾಗೆ ಅಂದ್ಕೊಂಡೆ.”

ಅವನು ಮೇಜಿನ ಮೇಲಿನ ಮೊಲವನ್ನು ನೋಡಿದ. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

“ಏನೋ ತಪ್ಪು ಮಾಡಿದೀನಿ ಅಂತ ಗೊತ್ತಾಯ್ತು. ಏನು ಅಂತ ಗೊತ್ತಾಗ್ಲಿಲ್ಲ.”

“ಕೇಳ್ಬೋದಿತ್ತಲ್ಲ.”

“ನೀವೂ ಕೇಳ್ಬೋದಿತ್ತು.”

ಅದು ನಿಜ. ಅವಳು ಕಿಟಕಿಯ ಕಡೆ ನೋಡಿದಳು. ಈಗ ಹೇಳದಿದ್ದರೆ ಮೆಟ್ಟಿಲಿಳಿದು ಮನೆಗೆ ಹೋಗಬೇಕು, ಅಲ್ಲಿಗೆ ಮುಗಿಯುತ್ತದೆ.

“ನಂಗೆ ಹೆದರಿಕೆ ಆಗ್ತಿದೆ,” ಎಂದಳು. ಮಕ್ಕಳಿಗೆ ಇಷ್ಟು ಸುಲಭವಾಗಿ ಕಲಿಸುವ ಮಾತು ಗಂಟಲಲ್ಲಿ ಇಷ್ಟು ದೊಡ್ಡದಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. “ನೀವು ಇನ್ನು ಬರಲ್ವೇನೋ ಅಂತ. ತರಗತಿಗೆ ಮಾತ್ರ ಅಲ್ಲ...”

ಅವನು ಪೆನ್ಸಿಲ್ ಕೆಳಗಿಟ್ಟ. ಮುಖದಲ್ಲಿ ಏನೋ ನಿಧಾನಕ್ಕೆ ಬದಲಾಯಿತು. ಅದೇನೆಂದು ಅವಳಿಗೆ ಗೊತ್ತಾದಂತೆ ಅನಿಸಿತು. ಆದರೂ ಒಮ್ಮೆ ಎಡವಿದ್ದವಳು ನಂಬಲಿಲ್ಲ.

“ಈಗ ಏನಾಗ್ತಿದೆ ನಿಮಗೆ? ನಾನು ಊಹೆ ಮಾಡಲ್ಲ. ನೀವೇ ಹೇಳಿ.”

“ನೀವು ಈ ಬಾಗಿಲಿಂದ ವಾಪಸ್ ಹೋಗ್ಬಾರ್ದು ಅನಿಸ್ತಿದೆ.” ಈ ಸಲ ಅವನು ನೆಲ ನೋಡಲಿಲ್ಲ.

“ಅದಕ್ಕೆ ಏನು ಹೆಸರು?”

“ಹೇಳ್ತೀನಿ. ಸ್ವಲ್ಪ ಹೊತ್ತು ಕೊಡಿ.”

ಅವಳು ಸ್ಟೂಲಿನ ಮೇಲಿದ್ದ ಬಣ್ಣದ ಡಬ್ಬಿಗಳನ್ನು ಪಕ್ಕಕ್ಕಿಟ್ಟು ಕೂತಳು.

“ಹೇಳಿ. ನಂಗೇನೂ ಅವಸರ ಇಲ್ಲ.”