ಕಾಲು ವಡೆಯ ಸಿನೆಮಾ

"ಈಗ ಎಂತ ಹೇಳಿದ ಅವ?" ಕತ್ತಲೆಯಲ್ಲಿ ಅಜ್ಜಿ ಪಿಸುಗುಟ್ಟಿದರು.

ಪರದೆಯ ಮೇಲೆ ಹೀರೋ ತಾಯಿಯ ಕಾಲು ಹಿಡಿದು ಗೋಳೋ ಎಂದು ಅಳುತ್ತಿದ್ದ. ಗಗನಾಳಿಗೆ ಆಕಳಿಕೆ ಬಂತು.

"ನಮ್ಮ ಎಮ್ಮೆ ಕಳೆದುಹೋಗಿದೆ ಅಂತಿದ್ದಾನೆ, ಅಜ್ಜಿ."

"ಅಯ್ಯೋ! ತಾಯಿ ಎಂತ ಹೇಳಿದಳು?"

"ಹಾಲು ಉಕ್ತು, ಗ್ಯಾಸ್ ಆಫ್ ಮಾಡು ಅಂತ."

ಅಜ್ಜಿ ಗೊಳ್ಳೆಂದು ನಕ್ಕರು. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಆಂಟಿಯೊಬ್ಬರು ತಿರುಗಿ, "ಶ್ಶ್!" ಎಂದರು.

ಅಜ್ಜಿ ಲೀಲಾವತಿ ಉಡುಪಿಯಿಂದ ಉತ್ತರದ ಹಿಂದಿ ನಾಡಿನ ಪೀತಮ್‌ಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ಅವರಿಗೆ ಹಿಂದಿ ಬಾರದು. ಸಿನೆಮಾ ಹಾಲಿನಲ್ಲಿ ಗಗನಾಳೇ ಅವರ ಕಿವಿ.

ಗಗನಾಳಿಗೋ ಸಿನೆಮಾ ಎಂದರೆ ಪ್ರಾಣ. ನೋಡಿದ್ದಕ್ಕೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ರೇಟಿಂಗ್ ಕೊಡುತ್ತಿದ್ದಳು. ಅಪ್ಪನದು ಇಡ್ಲಿ-ವಡೆ ಹೋಟೆಲು. ಆದ್ದರಿಂದ ಸ್ಟಾರ್ ಬದಲು ವಡೆ. ಭೂತದ ಸಿನೆಮಾಕ್ಕೆ ಎರಡು ವಡೆ: "ಭೂತಕ್ಕಿಂತ ನಮ್ಮ ಮ್ಯಾಥ್ಸ್ ಮ್ಯಾಮ್ ಡೇಂಜರ್." ಇವತ್ತಿನದಕ್ಕೆ ಅರ್ಧ ವಡೆ: "ಫುಲ್ ಬೋರ್. ಎಲ್ಲರೂ ಅಳ್ತಾರೆ, ಯಾರೂ ಮೂಗು ಒರೆಸಲ್ಲ."

ಶನಿವಾರ ರತ್ನಾ ಆಂಟಿಯ ಮನೆಯಲ್ಲಿ ಅಲ್ಲಿನ ಕನ್ನಡದವರೆಲ್ಲ ಸೇರುವ ಭಜನೆ. ಮಂಗಳಾರತಿ ಆಯಿತು. ಪ್ರಸಾದ ತಿನ್ನುತ್ತ ಮಾತು ಅದೇ ಸಿನೆಮಾದತ್ತ ಹೊರಳಿತು.

"ನಾನೂ ನೋಡಿದೆ," ಅಜ್ಜಿ ಹುರುಪಿನಿಂದ ಹೇಳಿದರು. ಊರಿನಲ್ಲಿ ಅವರು ಕತೆ ಹೇಳಲು ಕೂತರೆ ಇಡೀ ಕೇರಿ ಕಿವಿ ಕೊಡುತ್ತಿತ್ತು. ಇಲ್ಲೂ ಕೈ ಆಡಿಸುತ್ತ ಶುರುಮಾಡಿದರು. "ಪಾಪ, ಎಮ್ಮೆ ಕಳೆದು ಆ ಹುಡುಗ ಅಳ್ತಾನೆ. ಅತ್ತ ಹಾಲು ಉಕ್ಕಿದ್ದು..."

ಎಲ್ಲರೂ ನಕ್ಕರು. "ಯಾವ ಎಮ್ಮೆ ಲೀಲಾವತಿಯಮ್ಮ? ಹನ್ನೆರಡು ವರ್ಷದ ಮೇಲೆ ಮಗ ಮನೆಗೆ ಬಂದಿದ್ದಲ್ವಾ ಅದು? ಪಾಪ, ನಿಮಗೆ ಹಿಂದಿ ಅರ್ಥ ಆಗಲ್ಲ," ಎಂದರು ರತ್ನಾ ಆಂಟಿ.

ಆಡುತ್ತಿದ್ದ ಅಜ್ಜಿಯ ಕೈ ಮಡಿಲಿಗೆ ಬಂತು. ಗಗನಾಳ ಕಡೆಗೆ ಒಮ್ಮೆ ನೋಡಿದರು. ಒಂದೇ ಒಂದು ಸಲ.

"ನಿದ್ದೆ ಬಂದಿರ್ಬೇಕು ನಂಗೆ," ಎಂದು ತಲೆ ತಗ್ಗಿಸಿದರು.

ಗಗನಾ ಸಿಹಿ ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟಳು.

ಮರಳುವಾಗ ಇ-ರಿಕ್ಷಾದಲ್ಲಿ ಅವಳು ಮೆಲ್ಲಗೆ ಕೇಳಿದಳು. "ನಾನೇ ಸುಳ್ಳು ಹೇಳಿದ್ದು ಅಂತ ಯಾಕೆ ಹೇಳ್ಲಿಲ್ಲ, ಅಜ್ಜಿ?"

"ಹೇಳಿದ್ರೆ ಆ ಎಮ್ಮೆ ಸಿಗ್ತಿತ್ತಾ ಮಾರಾಯ್ತಿ?" ಎಂದರು ಅಜ್ಜಿ. ಆಮೇಲೆ ಮನೆಯವರೆಗೂ ರಸ್ತೆಯ ಕಡೆಗೇ ನೋಡುತ್ತ ಕೂತರು.

ಮರುದಿನ ಅಪ್ಪ ರೋಬೋಟ್ ಸಿನೆಮಾಕ್ಕೆ ಕರೆದುಕೊಂಡು ಹೋಗುವುದಿತ್ತು. ಗಗನಾ ಒಂದು ತಿಂಗಳಿಂದ ಕಾಯುತ್ತಿದ್ದ ಸಿನೆಮಾ.

"ಪಪ್ಪಾ, ಅದು ಬೇಡ. ಆ ಅಳೋ ಸಿನೆಮಾಕ್ಕೇ ಇನ್ನೊಂದ್ಸಲ ಹೋಗೋಣ. ಅಜ್ಜೀನೂ ಬರ್ಲಿ."

"ಅರ್ಧ ವಡೆ ಸಿನೆಮಾಕ್ಕಾ? ಜ್ವರ ಏನಾದ್ರೂ ಇದ್ಯಾ?" ಅಪ್ಪ ಅವಳ ಹಣೆ ಮುಟ್ಟಿ ನೋಡಿದರು.

ಈ ಸಲ ಗಗನಾ ಒಂದು ಮಾತನ್ನೂ ಬಿಡಲಿಲ್ಲ. "ನೀನು ಬರ್ತೀಯ ಅಂತ ಹನ್ನೆರಡು ವರ್ಷ ಬಾಗಿಲಿಗೆ ಚಿಲಕ ಹಾಕಿಲ್ಲ ಮಗನೇ, ಅಂತಿದ್ದಾಳೆ." ನಾಲಗೆಯ ತುದಿಗೆ ನಾಲ್ಕು ಜೋಕು ಬಂದವು. ನಾಲ್ಕನ್ನೂ ಪಾಪ್‌ಕಾರ್ನ್ ಜೊತೆ ನುಂಗಿದಳು.

ಈಗ ಅಜ್ಜಿ ಅಳುತ್ತಾರೆ ಎಂದು ಕರ್ಚೀಫ್ ಹಿಡಿದು ಕಾದಳು. ಅಜ್ಜಿ ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೂತಿದ್ದರು.

"ಎಷ್ಟು ವಡೆ, ಅಜ್ಜಿ?" ಹೊರಗೆ ಬಂದು ಕೇಳಿದಳು.

"ಹನ್ನೆರಡು ವರ್ಷ ಒಂದು ಫೋನು ಮಾಡದವ, ಬಂದು ಒಂದು ಪದ್ಯ ಹೇಳಿದ ಕೂಡ್ಲೇ ಕ್ಷಮಿಸಿಬಿಡೋದಾ? ಬೆನ್ನಿಗೆ ಎರಡು ಬಿಗಿಯೋದು ಬೇಡ್ವಾ? ಕಾಲು ವಡೆ! ಅದೂ ಆ ತಾಯಿಗೆ. ಮಗನಿಗೆ ಚಟ್ನಿಯೂ ಇಲ್ಲ. ಬರಿ!"

ಗಗನಾ ನೋಟ್‌ಬುಕ್ ತೆಗೆದಳು. ತನ್ನ ಅರ್ಧ ವಡೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆಯ ಆಚೆ, ಮೇಲೆ, 'ಅಜ್ಜಿ' ಎಂದು ಬರೆದಳು. ಆಮೇಲೆ ತನಗೆ ಸರಿಯಾಗಿ ಬರೆಯಲು ಬಾರದ ಕನ್ನಡದಲ್ಲಿ, ಮತ್ತೆ ಮತ್ತೆ ಕೇಳಿಕೊಂಡು, ಚಟ್ನಿಯವರೆಗೂ ಒಂದಕ್ಷರ ಬಿಡದೆ ಬರೆದುಕೊಂಡಳು.