ಶುಕ್ರವಾರ ಕುಡಿಯದವನು

"ಹೆಸರು?"

"ಗೊತ್ತಿಲ್ಲೇನ್ರಿ ಸಿಸ್ಟರ್?"

ನೀಲಗಂಗಮ್ಮ ತಲೆ ಎತ್ತಲಿಲ್ಲ. ಎತ್ತಿದರೆ ನಗು ಬರುತ್ತಿತ್ತು, ಇಲ್ಲವೇ ಅಳು. ಎರಡರಲ್ಲಿ ಯಾವುದು ಮೊದಲು ಬಂದೀತೋ ಅವಳಿಗೇ ಗೊತ್ತಿರಲಿಲ್ಲ.

ಹೊಸಪೇಟೆಯ ಹಳೆಯ ಕಲ್ಯಾಣ ಮಂಟಪವೊಂದರಲ್ಲಿ, ಮದುವೆ ಊಟ ಬಡಿಸುವ ಹಾಲ್‌ನಲ್ಲಿ, ಅವತ್ತು ಕುಡಿತ ಬಿಡಿಸುವ ಶಿಬಿರ ಶುರುವಾಗಿತ್ತು. ಹತ್ತು ದಿನದ ಶಿಬಿರ. ಸೇರಿಸಿಕೊಳ್ಳುವ ಮೊದಲು ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಾಲ್ಕು ಪುಟದ ಫಾರಂ ತುಂಬಬೇಕು. ಯಾವಾಗ ಶುರು, ದಿನಕ್ಕೆ ಎಷ್ಟು, ಕುಡಿಯದಿದ್ದರೆ ಏನಾಗುತ್ತದೆ. ಅದನ್ನು ನೋಡಿಯೇ ಡಾಕ್ಟರ್ ಹಾಲಸ್ವಾಮಿ ಮಾತ್ರೆ ಬರೆಯುವುದು. ಕಡಿಮೆ ಹೇಳಿದವನಿಗೆ ಕಡಿಮೆ ಮಾತ್ರೆ. ಹಾಗೆ ನಾಚಿಕೆಗೆ ಕಡಿಮೆ ಹೇಳಿದ ಒಬ್ಬ ಹಿಂದಿನ ವರ್ಷ ಬೇರೊಂದು ಊರಿನ ಶಿಬಿರದಲ್ಲಿ ಫಿಟ್ಸ್ ಬಂದು ಸತ್ತಿದ್ದ. ಅವನ ಬಾಯಿಯ ನೊರೆ ಒರೆಸಿದವಳು ನೀಲಗಂಗಮ್ಮನೇ.

"ಬರ್ಕೋರಿ. ಉಚ್ಚೆಂಗಪ್ಪ. ಊರು ಕಮಲಾಪುರ. ಮೂವತ್ತೊಂದು ವರ್ಷ. ಸಂಡೂರು ಗುಡ್ಡದಿಂದ ಅದಿರು ಹೊರೋ ಲಾರಿ ಡ್ರೈವರ್."

"ಮದುವೆ?"

"ಹುಡುಗಿ ಒಪ್ಯಾಳ್ರಿ. ಒಂದು ಷರತ್ತು ಹಾಕ್ಯಾಳ. ಅದಕ್ಕ ಇಲ್ಲಿ ಬಂದು ಕುಂತೀನಿ."

ಅವಳ ಕಿವಿ ಬಿಸಿಯಾಯಿತು. 'ಇಲ್ಲ' ಅಂತ ಬರೆದಳು. ಆ ಎರಡಕ್ಷರ ಬರೆಯಲು ಇಷ್ಟು ಹೊತ್ತೇ ಅನ್ನುವಂತೆ ಅವನು ಬಗ್ಗಿ ನೋಡಿದ. ಬಗ್ಗಿದಾಗ ಬಂದ ವಾಸನೆ ಸೋಪಿನದು ಮಾತ್ರ. ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಪುಣ್ಯಾತ್ಮ.

ಎರಡು ವರ್ಷದ ಹಿಂದೆ ಕಾಲುವೆ ಸೇತುವೆಯ ಹತ್ತಿರ ಬಸ್ಸು ತಪ್ಪಿಸಿಕೊಂಡು ನಿಂತವಳ ಮುಂದೆ ಲಾರಿ ನಿಲ್ಲಿಸಿ, "ಹತ್ರಿ ಸಿಸ್ಟರ್, ಅದಿರಿನ ಜೋಡಿ ನಿಮ್ಮನ್ನೂ ತೂಕಕ್ಕ ಹಾಕ್ಸಿಬಿಡ್ತೀನಿ" ಅಂದಿದ್ದವನು ಇವನೇ. ಹತ್ತಲಿಲ್ಲ ಅವಳು. ಮರುವಾರ ಹತ್ತಿದಳು. ಆಮೇಲೆ ಬಿಳಿ ಸೀರೆಯ ಅಂಚಿಗೆ ಅಂಟಿದ ಕೆಂಪು ದೂಳಿಗೆ ಮನೆಯಲ್ಲಿ ದಿನಕ್ಕೊಂದು ಸುಳ್ಳು ಹೇಳಿದಳು. ಅವನು ಕುಡಿಯುತ್ತಾನೆಂದು ಗೊತ್ತಾದ ದಿನ ರಾತ್ರಿಯಿಡೀ ಅತ್ತು, ಬೆಳಗ್ಗೆ ಹೇಳಿದ್ದಳು: "ಬಿಟ್ಟು ಬಾ. ಅಪ್ಪನ ಹತ್ರ ನಾನೇ ಮಾತಾಡ್ತೀನಿ."

"ದಿನಕ್ಕೆ ಎಷ್ಟು ಪ್ಯಾಕೆಟ್ ಸಾರಾಯಿ?"

"ಎರಡು."

"ನಿಜ ಹೇಳ್ರಿ."

"ಎರಡ ಅಂದೆನಲ್ರಿ. ಅದೂ ಮಂಗಳವಾರ ಶುಕ್ರವಾರ ಮುಟ್ಟಂಗಿಲ್ಲ. ಹುಲಿಗೆಮ್ಮನ ವಾರ. ನಾ ಕುಡುಕ ಆಗಿದ್ರ ವಾರ ಹಿಡೀತಿದ್ನೇನು?"

ಈ ಮಾತನ್ನು ಬೆಳಗಿನಿಂದ ಒಂಬತ್ತು ಜನ ಹೇಳಿದ್ದರು. ಈ ಕಡೆಯ ಗಂಡಸರಿಗೆ ಅದೊಂದು ಸರ್ಟಿಫಿಕೇಟು. ವಾರದಲ್ಲಿ ಐದು ದಿನ ಗಟಾರದಲ್ಲಿ ಬಿದ್ದಿರಲಿ, ಅಮ್ಮನ ವಾರ ಮುಟ್ಟದಿದ್ದರೆ ಅವನು ಕುಡುಕನಲ್ಲ!

"ಮುಟ್ಟದಿದ್ದ ದಿನ ಏನಾಗ್ತೈತಿ?"

ಅವನು ಬಾಯಿ ತೆರೆಯುವ ಮೊದಲೇ ಹಿಂದೆ ಕುಳಿತಿದ್ದ ಅವನ ತಾಯಿ ದುರುಗವ್ವ ಮುಂದೆ ಜರುಗಿದಳು. ಮುದುಕಿಯ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ಏನಾಗ್ತೈತಿ ಅಂತೀ? ನನ್ನ ಮಗನ ಮೈಯಾಗ ಅಮ್ಮ ಬರ್ತಾಳವ್ವ! ಶುಕ್ರವಾರ ಮಧ್ಯಾಹ್ನದ ತನಕ ಕೈ ಗಡಗಡ ನಡುಗ್ತಾವ, ಮೈ ಬೆವರ್ತೈತಿ. ಹೊತ್ತು ಇಳಿಯೂದ ತಡ, ಕಣ್ಣು ಮ್ಯಾಲಕ್ಕ ಹೋಗಿ ಧೊಪ್ ಅಂತ ಬೀಳ್ತಾನ. ನಾಲಿಗಿ ಕಚ್ಕೊಂಡು ರಕ್ತ ಬಂದ್ರೂ ಖಬರ್ ಇರಂಗಿಲ್ಲ. ಓಣಿ ಮಂದಿ ಎಲ್ಲಾ ಕಾಯಿ ಕರ್ಪೂರ ತಗೊಂಡು ಬರ್ತಾರ."

ನೀಲಗಂಗಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು.

ಯಾಕೆಂದರೆ ಅವಳೂ ನೋಡಿದ್ದಳು. ಶ್ರಾವಣದ ಒಂದು ಶುಕ್ರವಾರ, ಕಮಲಾಪುರಕ್ಕೆ ಚುಚ್ಚುಮದ್ದು ಹಾಕಲು ಹೋದವಳು, ಗುಂಪು ಕಂಡು ಅವನ ಮನೆಯೊಳಗೆ ಹೊಕ್ಕಿದ್ದಳು. ಬಿದ್ದಿದ್ದ ಅವನ ಪಾದಕ್ಕೆ ಹಣೆ ಹಚ್ಚಿ, 'ತಾಯಿ, ನಮ್ಮಿಬ್ಬರನ್ನು ಒಂದು ಮಾಡು' ಅಂತ ಬೇಡಿಕೊಂಡಿದ್ದಳು. ಪ್ರೀತಿಸಿದವರಿಗೆ ಕಣ್ಣು ಕಾಣುವುದಿಲ್ಲ ಅನ್ನುತ್ತಾರೆ. ಮೂರು ವರ್ಷ ನರ್ಸಿಂಗ್ ಓದಿದರೂ ಕಾಣುವುದಿಲ್ಲವೇ? ನಡುಕ, ಬೆವರು, ನಾಲಿಗೆಯ ಗಾಯ, ಎಲ್ಲವೂ ಅವಳ ಪುಸ್ತಕದಲ್ಲಿದ್ದವು. ದಿನಾ ಹೊಟ್ಟೆ ತುಂಬ ಸಾರಾಯಿ ಕುಡಿಯುವವನು ಒಮ್ಮೆಲೇ ಒಂದು ದಿನ ಬಿಟ್ಟರೆ ಬರುವ ಫಿಟ್ಸ್ ಅದು. ಎರಡು ಪ್ಯಾಕೆಟ್ಟಿನವನಿಗೆ ಹಾಗೆ ಬರುವುದಿಲ್ಲ.

ಶಿಬಿರ ಶುರುವಾದ ಈ ದಿನವೂ ಶುಕ್ರವಾರವೇ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

"ಅವ್ವಾ, ಹೊರಗ ಚಾ ಕೊಡಾಕತ್ಯಾರ, ಕುಡ್ಕೊಂಡು ಬರ್ರಿ," ಅಂತ ಮುದುಕಿಯನ್ನು ಕಳಿಸಿ, ದನಿ ತಗ್ಗಿಸಿದಳು. "ಕೈ ತೋರಿಸು."

"ಬ್ಯಾಡ."

"ತೋರಿಸು ಅಂದೆ."

ಇಷ್ಟು ಹೊತ್ತು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ ಕೈಗಳನ್ನು ಅವನು ಮೇಜಿನ ಮೇಲಿಟ್ಟ. ಮೇಜಿನ ಮೇಲಿದ್ದ ಪೆನ್ನೂ ಅಲುಗಾಡಿತು.

"ಫಿಟ್ಸ್ ಅಂತ ಬರೀಬ್ಯಾಡ ನೀಲಾ," ಅಂದ. ತುಂಟತನವೆಲ್ಲ ಇಳಿದುಹೋಗಿತ್ತು. "ಫಿಟ್ಸ್ ಇರೋನ ಕೈಗೆ ಮಾಲಕ ಸ್ಟೇರಿಂಗ್ ಕೊಡಂಗಿಲ್ಲ. ನಿಮ್ಮಪ್ಪ ಮಗಳನ್ನ ಕೊಡ್ತಾನೇನು? ಕುಡಿಯೋದು ಬಿಟ್ಟಾನ ಅಂದ್ರ ಒಪ್ಕೊಂಡಾನು. ಇದು ಕಿವಿಗೆ ಬಿದ್ರ ಮುಗೀತು. ನಿನ್ನ ಕೈಯಾರೆ ನಮ್ಮ ಲಗ್ನ ಮುರೀತಿ."

ಸುಳ್ಳೇನಲ್ಲ. ಅವಳ ಅಪ್ಪ ಹಾಗೆಯೇ. ಗಂಡಿನ ವಂಶದಲ್ಲಿ ಯಾರಿಗೋ ಮೂರ್ಛೆ ರೋಗವಿತ್ತಂತೆ ಅನ್ನುವ ಸುದ್ದಿಗೇ ಅಕ್ಕನಿಗೆ ಬಂದ ಸಂಬಂಧ ಬಿಟ್ಟವನು.

"ಬರೀದಿದ್ರ ಡಾಕ್ಟರ್ ಎರಡು ಪ್ಯಾಕೆಟ್ಟಿನ ಮಾತ್ರೆ ಕೊಡ್ತಾರ," ಅಂದಳು. "ಸಾಯ್ತೀ ನೀ."

"ಸಾಯಂಗಿಲ್ಲ. ಅಮ್ಮ ಕಾಯ್ತಾಳ."

"ಅಮ್ಮ ಬರೋದು ಸುಳ್ಳು ಅಂತ ನಾ ಅನ್ನಾಕತ್ತಿಲ್ಲ. ನಿನಗ ಬರಾಕತ್ತಿದ್ದು ಅಮ್ಮ ಅಲ್ಲ ಅಂತೀನಿ."

ಆಚೆ ಮೇಜಿನಲ್ಲಿ ಯಾರದೋ ಹೆಂಡತಿ ಮೂಗು ಸೀಟಿಕೊಂಡು ಅಳುತ್ತಿದ್ದಳು.

"ನನಗ ಗೊತ್ತಿತ್ತು," ಅಂದ ಅವನು. "ಆರು ತಿಂಗಳ ಹಿಂದ ಮೊದಲ ಸಲ ಬಿದ್ದು ಎದ್ದಾಗಲೇ ಗೊತ್ತಿತ್ತು. ಬೀಳೂಕಿಂತ ಮುಂಚೆ ಅಮ್ಮ ಕಾಣಂಗಿಲ್ಲ ನೀಲಾ, ಹಲ್ಲಿ ಇರುವಿ ಕಾಣ್ತಾವ ಗೋಡಿ ಮ್ಯಾಲೆ. ಅವ್ವಗ ಹೇಳಿಬಿಡಬೇಕು ಅಂದ್ಕೊಂಡಿದ್ದೆ. ಶ್ರಾವಣದಾಗ ಎಚ್ಚರ ಆದಾಗ ನಿನ್ನ ಕುಂಕುಮ ನನ್ನ ಕಾಲಿಗೆ ಹತ್ತಿತ್ತು. ಯಾರೋ ಸೂಜಿ ಹಾಕೋ ಸಿಸ್ಟರ್ ಬಂದು ಕಾಲಿಗೆ ಬಿದ್ದು ಹೋದ್ಳು ಅಂತ ಅವ್ವ ಅಂದ್ಳು. ಕುಡುಕ ಅಂತ ಮಾರಿ ತಿರುವಿಕೊಂಡು ಹೋಗಾಕಿ, ನನ್ನ ಕಾಲು ಮುಟ್ಯಾಳ! ಆಮ್ಯಾಲೆ ಹೆಂಗ ಹೇಳ್ಲಿ?"

ನೀಲಗಂಗಮ್ಮ ಪೆನ್ನು ಕೈಗೆತ್ತಿಕೊಂಡಳು. ತಾನು ಕೈಮುಗಿದದ್ದೇ ಅವನ ಬಾಯಿ ಮುಚ್ಚಿಸಿತಲ್ಲ! ಆ ಕ್ಷಣ ಅವನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದದ್ದು ದೊಡ್ಡದು. ಅಷ್ಟೇ ದೊಡ್ಡದಾಗಿ ಪ್ರೀತಿಯೂ ಉಕ್ಕಿತು, ಹಾಳಾದದ್ದು, ಉಕ್ಕಬಾರದ ಹೊತ್ತಿನಲ್ಲಿ.

"ಈಗ ಹೇಳು. ಎಷ್ಟು?"

"ಹನ್ನೊಂದು. ಒಮ್ಮೊಮ್ಮೆ ಹದಿಮೂರು. ಮೊದಲನೇದು ಹಲ್ಲುಜ್ಜೂಕಿಂತ ಮುಂಚೆ."

ಬರೆದಳು. ಕೆಳಗಿನ ಸಾಲಿನಲ್ಲಿ ಫಿಟ್ಸ್, ಆರು ತಿಂಗಳಿಂದ, ಅಂತಲೂ ಬರೆದಳು. ಅಕ್ಷರ ಸೊಟ್ಟಗಾದವು. ಅವನು ಆ ಪೆನ್ನಿನ ತುದಿಯನ್ನೇ ನೋಡುತ್ತ ಕುಳಿತಿದ್ದ, ತಡೆಯಲಿಲ್ಲ.

ಡಾಕ್ಟರ್ ಹಾಲಸ್ವಾಮಿ ಫಾರಂ ಓದಿ ಎದ್ದೇಬಿಟ್ಟರು. "ಇಲ್ಲಿ ಇಟ್ಕೊಳ್ಳೋ ಕೇಸ್ ಅಲ್ಲಮ್ಮ ಇದು. ಬಳ್ಳಾರಿ ದೊಡ್ಡಾಸ್ಪತ್ರೆಗೆ ಈಗಲೇ ಹೋಗ್ಬೇಕು." ಒಂದು ಇಂಜೆಕ್ಷನ್ ಕೊಟ್ಟು ಶಿಬಿರದ ಜೀಪು ತರಿಸಿದರು.

ಸುದ್ದಿ ಕೇಳಿ ದುರುಗವ್ವ ಅಂಗಳದಲ್ಲೇ ಬಾಯಿ ಬಡಿದುಕೊಂಡಳು. "ಅಮ್ಮನ್ನ ರೋಗ ಅಂತೀಯಾ? ನಿನ್ನ ಮಾರಿ ಮಣ್ಣಾಗ! ಬಾರೋ ಮಗನ, ಮನಿಗೆ ಹೋಗೂನು."

ಉಚ್ಚೆಂಗಪ್ಪ ತಾಯಿಯ ಕೈ ಹಿಡಿದುಕೊಂಡ. "ಅಮ್ಮ ಅಲ್ಲಬೇ. ಸಾರಾಯಿ." ಅಷ್ಟನ್ನೇ ಹೇಳಿ ಜೀಪು ಹತ್ತಿದ. ಮುದುಕಿ ಹತ್ತಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಕಟ್ಟೆಯ ಮೇಲೆ ಕುಸಿದಳು.

ನೀಲಗಂಗಮ್ಮ ಹತ್ತಿದಳು.

"ಇಳಿ," ಅಂದ ಅವನು ಮೆಲ್ಲಗೆ. "ಇಡೀ ಹೊಸಪೇಟಿ ನೋಡಾಕತ್ತೈತಿ. ಸಂಜಿಗೆ ನಿಮ್ಮಪ್ಪಗ ಗೊತ್ತಾಗ್ತೈತಿ."

"ಗೊತ್ತಾಗ್ಲಿ."

"ನೀಲಾ, ನಾ ಈಗ ಕೆಲಸಿಲ್ಲದೋನು. ರೋಗದೋನು. ಬಿಡ್ತೀನೋ ಇಲ್ಲೋ ಅದೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಸುಮ್ನ ಕುಂದ್ರು," ಅಂದಳು. ಅವಳಿಗೆ ಧೈರ್ಯವೇನೂ ಇರಲಿಲ್ಲ. ಸೀಟಿನ ಮೇಲೆ ನಡುಗುತ್ತಿದ್ದ ಅವನ ಕೈಯನ್ನು ಎಲ್ಲರೂ ನೋಡುವಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಜೀಪು ಹೊರಟಿತು.

ತೋರಣಗಲ್ಲು ಇನ್ನೂ ಎರಡು ಮೈಲಿ ಇರುವಾಗ ಅವನ ಹಿಡಿತ ಒಮ್ಮೆಲೇ ಬಿಗಿಯಾಯಿತು. ಕಣ್ಣು ಮೇಲಕ್ಕೆ ಹೋದವು. ಅವಳು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆ ತಾಗದಂತೆ ಅಂಗೈ ಒಡ್ಡಿ, ವಾಚು ನೋಡುತ್ತ ಒಂದೊಂದೇ ಸೆಕೆಂಡು ಎಣಿಸಿದಳು. "ನಿಲ್ಲಸಬ್ಯಾಡ, ಓಡಸಪ್ಪಾ!" ಅಂತ ಡ್ರೈವರನಿಗೆ ಕೂಗಿದಳು. ಕಣ್ಣೀರು ಇಳಿದು ಗಲ್ಲದ ತುದಿಗೆ ಬಂದರೂ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅವನು ಕಣ್ಣು ತೆರೆಯುವ ಹೊತ್ತಿಗೆ ಬಳ್ಳಾರಿಯ ಗುಡ್ಡ ಕಾಣತೊಡಗಿತ್ತು. ಅವಳನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನೀ... ಹೋಗ್ಲಿಲ್ಲ?"

"ಎಲ್ಲಿಗೆ ಹೋಗ್ಲಿ," ಅಂದಳು ನೀಲಗಂಗಮ್ಮ, ಅವನ ತುಟಿಯ ರಕ್ತವನ್ನು ಸೆರಗಿನಿಂದ ಒರೆಸುತ್ತ. "ಜೀಪು ಓಡಾಕತ್ತೈತಿ."