ಕವರ್ ಬಿಟ್ಟು ರೆಕಾರ್ಡ್ ಒಯ್ದವರು

೨೦೨೩ರ ಮಾರ್ಚ್ ೧೫, ಬುಧವಾರ, ಬೆಳಿಗ್ಗೆ ೯.೧೦. ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಪ್ರತಾಪ್ ಎಂಬುವವರಿಂದ ಕೌಂಟಿ ಪೊಲೀಸರಿಗೆ ದೂರು ಬಂತು. ಕಳುವಾದದ್ದು ಒಂದು ಗ್ರಾಮಫೋನ್ ರೆಕಾರ್ಡ್. ನಮ್ಮೂರಿನ ಎಫ್‌ಐಆರ್‌ಗೆ ಅಲ್ಲಿ ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ; ಹೆಸರು ಬೇರೆ, ಬರೆಯುವ ಗೋಳು ಒಂದೇ. ಆ ಗೋಳು ಡಿಟೆಕ್ಟಿವ್ ಸೌಮ್ಯಾ ಕಟ್ಟೀಮನಿಯ ಪಾಲಿಗೆ ಬಂತು. ಅಪ್ಪ ಅಮ್ಮ ಧಾರವಾಡದವರು, ಅವಳು ಬೆಳೆದದ್ದು ಮೇರಿಲ್ಯಾಂಡ್‌ನಲ್ಲಿ. ಕನ್ನಡದವರ ಮನೆಯ ಕೇಸು ಎಂದರೆ ಸಾರ್ಜೆಂಟ್ ಕಣ್ಣುಮುಚ್ಚಿ ಅವಳ ಕಡೆ ತಳ್ಳಿಬಿಡುತ್ತಿದ್ದ.

ಜೊತೆಗೆ ಆಫೀಸರ್ ಹಾರ್ಪರ್ ಹೊರಟ. ೯.೪೫ಕ್ಕೆ ಇಬ್ಬರೂ ಪ್ರತಾಪ್ ಮನೆಯ ಬೇಸ್‌ಮೆಂಟ್‌ನಲ್ಲಿದ್ದರು. ಮೇಜಿನ ಮೇಲೆ ಒಂದೇ ಆಲ್ಬಮ್‌ನ ನಾಲ್ಕು ಕವರ್‌ಗಳಿದ್ದವು. ಎಪ್ಪತ್ತರ ದಶಕದಲ್ಲಿ ಮುಖಕ್ಕೆ ಮಿಂಚು ಬಳಿದುಕೊಂಡು, ಗೇಣುದ್ದ ಹಿಮ್ಮಡಿಯ ಬೂಟು ತೊಟ್ಟು ಕುಣಿಯುತ್ತಿದ್ದ ಪೌಡರ್ ಕಿಂಗ್ಸ್ ಎಂಬ ಬ್ಯಾಂಡ್‌ನದು.

"ಒಂದೇ ಆಲ್ಬಮ್‌ಗೆ ನಾಲ್ಕು ಯಾಕೆ?" ಸೌಮ್ಯಾ ಕೇಳಿದಳು.

"ಅಯ್ಯೋ, ಒಂದೇ ಅಲ್ಲ ಆಫೀಸರ್!" ಪ್ರತಾಪ್ ದುಃಖದಲ್ಲೂ ಹುರುಪಾದ. "ಇದು ಬ್ರಿಟನ್‌ದು, ಒರಿಜಿನಲ್. ಅಮೆರಿಕದ ರಿಲೀಸ್‌ಗೆ ಕವರ್ ಚೇಂಜ್ ಮಾಡಿದ್ರು. ಜಪಾನ್‌ದರಲ್ಲಿ ಒಂದು ಹಾಡು ಜಾಸ್ತಿ. ಇಂಡಿಯಾದಲ್ಲಿ ಒಂದು ಹಾಡು ಅಶ್ಲೀಲ ಅಂತ ಕಿತ್ತು ಹಾಕಿ, ಆ ಜಾಗಕ್ಕೆ ಬೆಂಗಳೂರಿನ ಯಾವುದೋ ಹೋಟೆಲ್ ಬ್ಯಾಂಡ್ ಹತ್ರ ಮೂರು ನಿಮಿಷ ಮ್ಯೂಸಿಕ್ ಮಾಡಿಸಿ ತುಂಬಿದ್ರು. ನುಡಿಸ್ದೋರ ಹೆಸರೂ ಹಾಕಿಲ್ಲ. ಅದೇ ಹೋಗಿರೋದು. ನಾಳೆ ಅಟ್ಲಾಂಟಾದ ಒಬ್ರಿಗೆ ಶಿಪ್ ಮಾಡ್ಬೇಕಿತ್ತು."

"ಇಂಡಿಯಾದ ಕವರ್ ಇಲ್ಲೇ ಇದೆಯಲ್ಲ?"

"ಅದೇ ಅರ್ಥ ಆಗ್ತಿಲ್ಲ. ಕವರ್ ಇಲ್ದೆ ಅದನ್ನ ಯಾರೂ ಕೊಳ್ಳಲ್ಲ."

ಹಾಗಾದರೆ ಒಯ್ದವರಿಗೆ ಮಾರುವ ಯೋಚನೆ ಇಲ್ಲ, ಕೇಳುವುದಷ್ಟೇ ಬೇಕು ಎಂದು ಸೌಮ್ಯಾ ಬರೆದುಕೊಂಡಳು.

ಬೀಗ ಒಡೆದಿರಲಿಲ್ಲ. ಗರಾಜ್ ಬಾಗಿಲಿನ ಕೋಡ್ ಗೊತ್ತಿದ್ದವರೇ ಬಂದಿರಬೇಕು. ಮಂಗಳವಾರ ಮಧ್ಯಾಹ್ನ ಮಳೆ ಬಂದಿತ್ತು. ಗರಾಜ್‌ನಿಂದ ಒಳಕ್ಕೆ ಹತ್ತುವ ಮೆಟ್ಟಿಲ ಪಕ್ಕದಲ್ಲಿ ಚಿಕ್ಕ ಅಳತೆಯ ಶೂಗಳ ಎರಡು ಕೆಸರು ಗುರುತು ಒಣಗಿದ್ದವು, ಗೋಡೆಯ ಕಡೆ ಮುಖ ಮಾಡಿ, ಜೋಡಿಯಾಗಿ. ಒಳಗಿನ ಬಿಳಿ ಕಾರ್ಪೆಟ್ ಮೇಲೆ ಒಂದು ಚುಕ್ಕೆ ಕೊಳೆಯೂ ಇಲ್ಲ.

"ನಿಮ್ಮನೆಯವರದಾ?"

"ಇಲ್ಲ, ನಮ್ಮದೆಲ್ಲ ರ‍್ಯಾಕ್‌ನಲ್ಲಿರುತ್ತೆ."

ಸೌಮ್ಯಾ ನಗು ತಡೆದುಕೊಂಡು ಹಾರ್ಪರ್‌ಗೆ ವಿಷಯ ಬಿಡಿಸಿ ಹೇಳಿದಳು. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಹೊರಗೆ ಶೂ ಬಿಚ್ಚಿಟ್ಟು ಕದಿಯಲು ಹೋದವರನ್ನು ಆತ ಕಂಡಿರಲಿಲ್ಲ, ಪಾಪ.

"ಕೋಡ್ ಯಾರಿಗೆಲ್ಲ ಗೊತ್ತು?"

"ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕ್ಲಿ ಅಂತ ಈ ಬೀದೀಲಿ ಮೂರು ಮನೆಗೆ ಕೊಟ್ಟಿದ್ವಿ."

"ಈ ರೆಕಾರ್ಡ್ ಬಗ್ಗೆ ಯಾರಾದ್ರೂ ಕೇಳಿದ್ರಾ?"

"ಭಾನುವಾರ ಲ್ಯಾನ್‌ಹ್ಯಾಮ್ ಟೆಂಪಲ್‌ನಿಂದ ಬಂದು ಎಲ್ರೂ ಇಲ್ಲೇ ಊಟ ಮಾಡಿದ್ರು. ಒಂದ್ಸಲ ಪ್ಲೇ ಮಾಡಿ ತೋರಿಸ್ದೆ. ರಾಜಲಕ್ಷ್ಮಿ ಆಂಟಿ ಮಾತ್ರ ಇನ್ನೊಂದ್ಸಲ ಹಾಕಪ್ಪ ಅಂದ್ರು. ಆಗಲ್ಲ ಆಂಟಿ, ಸೂಜಿ ಇಟ್ಟಷ್ಟೂ ಸವೆಯುತ್ತೆ ಅಂದೆ. ಸುಮ್ನಾದ್ರು." ಪ್ರತಾಪ್ ಗಾಬರಿಯಾದ. "ಛೆ ಛೆ, ಅವರು ನಮ್ಮಮ್ಮನ ಥರ!"

ಅಂದು ಬೀದಿಯಲ್ಲಿ ಕಸ ಒಯ್ಯುವ ದಿನ. ೧೦.೪೦ಕ್ಕೆ ಸೌಮ್ಯಾ ನಡೆದುಕೊಂಡೇ ಹೊರಟಳು. ಮೂರನೇ ಮನೆಯ ಮುಂದೆ ನೀಲಿ ಡಬ್ಬದ ಪಕ್ಕದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ನಿಂತಿತ್ತು. ಅದರ ಮೇಲೆ ಸೂಟ್‌ಕೇಸ್ ಆಕಾರದ ರೆಕಾರ್ಡ್ ಪ್ಲೇಯರ್‌ನ ಚಿತ್ರ. ಬಾಗಿಲ ಬಳಿ ಚಿಕ್ಕದೊಂದು ಜೊತೆ ಶೂ, ಕೆಸರು ಇನ್ನೂ ಅಂಟಿಕೊಂಡಿತ್ತು.

ಬಾಗಿಲು ತೆಗೆದವರು ರಾಜಲಕ್ಷ್ಮಿ. ಮಗಳ ಮನೆಯಲ್ಲಿರುವ ಅರವತ್ತೊಂಬತ್ತರ ಹೆಂಗಸು. ಸೌಮ್ಯಾ ಯಾವ ಯೋಚನೆಯೂ ಇಲ್ಲದೆ ಬೂಟು ಬಿಚ್ಚಿದಳು. ಕಕ್ಕಾಬಿಕ್ಕಿಯಾದ ಹಾರ್ಪರ್ ತಾನೂ ಬಿಚ್ಚಿದ. ಸುಮ್ಮನಿರುವ ಹಕ್ಕು ಇದೆ, ವಕೀಲರನ್ನು ಕರೆಸುವ ಹಕ್ಕು ಇದೆ ಎಂದು ಸೌಮ್ಯಾ ಕನ್ನಡದಲ್ಲೇ ಹೇಳಿದಳು.

"ಸುಮ್ನಿದ್ದು ಏನ್ಮಾಡ್ಲಮ್ಮ, ತಂದಿದ್ದು ನಾನೇ," ಎಂದರು ಆಕೆ.

"ಯಾವಾಗ?"

"ನಿನ್ನೆ, ಎರಡು ಗಂಟೇಲಿ. ನಾಳೆ ಬೆಳಿಗ್ಗೆ ವಾಪಸ್ ಇಡೋಣ ಅಂತಿದ್ದೆ."

"ಪ್ಲೇಯರ್ ಯಾರು ತಂದಿದ್ದು?"

"ಮೊಮ್ಮಗಳು ಶ್ರಾವಣಿ ಆರ್ಡರ್ ಮಾಡಿದ್ಲು. ಅವಳಿಗೇನೂ ಗೊತ್ತಿಲ್ಲ, ಅವಳ ಹೆಸರು ಬರೀಬೇಡ."

"ಯಾಕೆ ತಂದ್ರಿ ಆಂಟಿ?"

ಆಕೆ ಕೈ ಹಿಸುಕಿಕೊಂಡರು. "ಅದರಲ್ಲಿ ಡ್ರಮ್ಸ್ ನುಡಿಸಿರೋದು ನಮ್ಮೋರು, ಕೇಶವಮೂರ್ತಿ. ಮದುವೆ ಆದ್ಮೇಲೆ ಗಂಟಲ ಕ್ಯಾನ್ಸರ್ ಬಂತು. ತೊಂಬತ್ತೆರಡರಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೇನೇ ತೆಗೆದ್ರು. ಆಮೇಲೆ ಎಲ್ಲಾ ಸ್ಲೇಟಲ್ಲಿ ಬರೆದು ತೋರಿಸೋರು. ಹೋದ ವರ್ಷದ ಹಿಂದಿನ ವರ್ಷ ಹೋಗ್ಬಿಟ್ರು. ನಾನು ಆ ದನಿ ಕೇಳಿ ಮೂವತ್ತು ವರ್ಷ ಆಗಿತ್ತಮ್ಮ. ಭಾನುವಾರ ಮಜ್ಜಿಗೆ ಲೋಟ ಹಿಡ್ಕೊಂಡು ಕೂತಿದ್ದೆ, ಅದರೊಳಗಿಂದ ಮಾತಾಡ್ಬಿಟ್ರು."

ಸೌಮ್ಯಾ ನೋಟ್‌ಬುಕ್ ಮುಚ್ಚಿದಳು. ಆದರೆ ಕೆಲಸ ಕೆಲಸವೇ. ಮಾಲು ಗುರುತಿಸಲು ಪ್ರತಾಪ್‌ನನ್ನು ಕರೆಸಿದಳು. ೧೧.೩೦ಕ್ಕೆ ಪಂಚನಾಮೆಯ ಹಾಗೆ ಎಲ್ಲರೂ ಮೇಜಿನ ಸುತ್ತ ನಿಂತರು. ಹಾರ್ಪರ್‌ನ ಎದೆಯ ಕ್ಯಾಮೆರಾ ಓಡುತ್ತಿತ್ತು.

"ಇದೇ ನಿಮ್ಮದು ಅಂತ ಹೇಗೆ ಹೇಳ್ತೀರಿ?"

ಪ್ರತಾಪ್ ತಲೆ ತಗ್ಗಿಸಿದ್ದ. "ಲೇಬಲ್ ಬ್ರಿಟನ್‌ದರ ಥರಾನೇ ಇದೆ. ಕೇಳಿದ್ರೇನೇ ಗೊತ್ತಾಗೋದು. ಎರಡನೇ ಬದಿ, ಕೊನೇದು."

ರಾಜಲಕ್ಷ್ಮಿಯೇ ಸೂಜಿ ಇಟ್ಟರು. ಸ್ವಲ್ಪ ಹೊತ್ತು ಚರಚರ ಸದ್ದು. ಆಮೇಲೆ ಒಬ್ಬ ಯುವಕನ ದನಿ: "ರೆಡಿನೇನ್ರೋ? ಒಂದು, ಎರಡು, ಮೂರು..." ಅವನು ಎಲ್ಲೋ ತಪ್ಪಿ ನಕ್ಕ, ನಗುವಿನ ಮೇಲೆಯೇ ಡ್ರಮ್ಸ್ ಶುರುವಾಯಿತು. ರಾಜಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೂರು ನಿಮಿಷಕ್ಕೆ ಮ್ಯೂಸಿಕ್ ಮುಗಿಯಿತು.

"ಒಂದ್ ಮಾತು ಹೇಳಬಾರದಿತ್ತಾ ಆಂಟಿ?" ಪ್ರತಾಪ್‌ನ ಕಣ್ಣು ಕೆಂಪಾಗಿತ್ತು.

"ಕೇಳಿದ್ನಲ್ಲಪ್ಪ, ಇನ್ನೊಂದ್ಸಲ ಹಾಕು ಅಂತ. ನೀನು ಆಗಲ್ಲ ಅಂದೆ. ಅಷ್ಟು ಜನರ ಮುಂದೆ ಇನ್ನೇನು ಹೇಳ್ಲಿ?"

ಸೌಮ್ಯಾ ಸಾಕ್ಷ್ಯದ ಚೀಲ ಬಿಡಿಸಿ ರೆಕಾರ್ಡಿಗೆ ಕೈ ಹಾಕಿದಳು.

"ಒಂದ್ನಿಮಿಷ ಆಫೀಸರ್," ಎಂದ ಪ್ರತಾಪ್. "ನನಗಿನ್ನೂ ಗ್ಯಾರಂಟಿ ಇಲ್ಲ. ಇನ್ನೊಂದ್ಸಲ ಹಾಕಿ."

೧೧.೫೫ಕ್ಕೆ ಬಂಧನವಾಯಿತು. ಕೈಕೋಳ ಹಾಕಲಿಲ್ಲ. ಮೊಮ್ಮಗಳು ಸ್ಕೂಲಿಂದ ಬರುವ ಹೊತ್ತಿಗೆ ಆಕೆ ಜಾಮೀನಿನ ಮೇಲೆ ಮನೆಗೆ ಮರಳಿದ್ದರು. ಅಟ್ಲಾಂಟಾದ ಪಾರ್ಸೆಲನ್ನು ಪ್ರತಾಪ್ ತಾನೇ ರದ್ದು ಮಾಡಿದ.

ಸಂಜೆ ಸೌಮ್ಯಾ ರಿಪೋರ್ಟ್ ಮುಗಿಸಿದಳು. ಉದ್ದೇಶ ಎಂಬಲ್ಲಿ "ಗಂಡನ ದನಿ ಕೇಳಲು" ಎಂದು ಬರೆದಳು. ಅದರ ಕೆಳಗೆ: "ಗುರುತು ಖಚಿತಪಡಿಸಿಕೊಳ್ಳಲು, ದೂರುದಾರರ ಕೋರಿಕೆಯ ಮೇರೆಗೆ, ರೆಕಾರ್ಡನ್ನು ನಾಲ್ಕು ಬಾರಿ ಕೇಳಲಾಯಿತು."